ಲಾರಿಯಿಲ್ಲದ ದಾರಿಯಲ್ಲಿ ನಾನೂ ಸೈಕಲ್ ತುಳಿದೆ

ಐವತ್ತೆಂಟು ವರ್ಷದ ಹೆಂಗಸು, ಮೊಮ್ಮಗುವಿಗೆ ಸ್ವೆಟರ್ ಹೆಣೆಯುತ್ತಾ ಕೂರುವ ವಯಸ್ಸಿನಲ್ಲಿ ಸೈಕಲ್ ಹತ್ತಿ ಎಪ್ಪತ್ತು ಕಿಲೋಮೀಟರ್ ಹೋದಳು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಯಜಮಾನರು ಫೋನಿನಲ್ಲಿ ಸುದ್ದಿ ಕೇಳಿದಾಗ ಮೊದಲು ನಕ್ಕರು, ಆಮೇಲೆ, "ನಿನಗೇನು ಹುಚ್ಚೇ? ಮಂಡಿ ನೋವು ಅಂತ ಮಹಡಿ ಮೆಟ್ಟಿಲು ಹತ್ತೋಲ್ಲ, ಸೈಕಲ್ ಹೊಡೀತೀಯಾ?" ಎಂದು ಗದರಿದರು. ನನಗೂ ಮೊದಲು ಹುಚ್ಚೆಂದೇ ಅನ್ನಿಸಿತ್ತು. ಆದರೆ ಆ ನಾಲ್ಕು ದಿನಗಳಲ್ಲಿ ನನಗೆ ತಿಳಿದದ್ದನ್ನು ನಿಮಗೆ ಹೇಳದಿದ್ದರೆ ಸಮಾಧಾನವಿಲ್ಲ. ಅದರಲ್ಲೂ ಬೆಳೆದ ಹೆಣ್ಣುಮಕ್ಕಳಿರುವ ತಾಯಂದಿರು ಇದನ್ನು ಓದಬೇಕೆಂದು ನನ್ನಾಸೆ.

ಮೊದಲು ನನ್ನ ಸೈಕಲ್ಲಿನ ಪುರಾಣವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹತ್ತು ವರ್ಷದವಳಿದ್ದಾಗ ಊರಿನ ಬಾಡಿಗೆ ಅಂಗಡಿಯಿಂದ ಅಣ್ಣ ತರುತ್ತಿದ್ದ ಸೈಕಲ್ಲಿನಲ್ಲಿ ಕಲಿತೆ. ಸೀಟಿಗೆ ಏರಲು ಕಾಲು ಎಟುಕದು. ಬಾರಿನ ಒಳಗೆ ಕಾಲು ತೂರಿಸಿ, ಸೊಂಟ ಓರೆ ಮಾಡಿಕೊಂಡು ತುಳಿಯುವುದು. ನಿಮ್ಮಲ್ಲಿ ಎಷ್ಟೋ ಮಂದಿ ಹಾಗೇ ಕಲಿತಿರುತ್ತೀರಿ. ಮೂರು ವರ್ಷ ತುಳಿದೆ. ದೊಡ್ಡವಳಾದ ತಿಂಗಳೇ ಅಜ್ಜಿ, "ಹೆಣ್ಣುಮಕ್ಕಳಿಗೆ ಯಾಕಮ್ಮ ಆ ಕುದುರೆ ಸವಾರಿ?" ಎಂದರು. ಅಷ್ಟೇ. ಮರುದಿನದಿಂದ ಸೈಕಲ್ ಮುಟ್ಟಲಿಲ್ಲ. ಅತ್ತದ್ದೂ ನೆನಪಿಲ್ಲ. ಆ ಕಾಲದಲ್ಲಿ ಹೇಳಿದರೆ ಆಯಿತು.

ಎರಡನೆಯ ಅಧ್ಯಾಯ ನನ್ನ ಮಗಳದು, ಅದನ್ನು ಹೇಳುವುದೇ ಕಷ್ಟ. ಮದುವೆಯಾದ ಮೇಲೆ ನಾವು ನೆಲೆಸಿದ್ದು ತಿಪಟೂರಿನಲ್ಲಿ. ಊರ ನಡುವೆಯೇ ಬಿ.ಎಚ್. ರಸ್ತೆ. ಹಗಲೂ ರಾತ್ರಿ ಲಾರಿ, ಬಸ್ಸು. ಪುಟ್ಟಿ ಎಂಟನೆಯ ತರಗತಿಯಲ್ಲಿದ್ದಾಗ ಅವಳಿಗೆ ಕೆಂಪು ಲೇಡಿಬರ್ಡ್ ಸೈಕಲ್ ಕೊಡಿಸಿದೆವು. ಸಂಜೆ ಅದರಲ್ಲೇ ರಸ್ತೆಯಾಚೆಯ ಬಡಾವಣೆಗೆ ವೀಣೆ ಪಾಠಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ನಮ್ಮ ಬೀದಿಯದೇ ಒಬ್ಬ ಹುಡುಗಿಯ ಸೈಕಲ್ಲಿಗೆ ಲಾರಿ ತಗಲಿತು. ಮಗು ಬದುಕಿತು, ಆದರೆ ಕಾಲು ಮುರಿದು ಆರು ತಿಂಗಳು ಮಂಚ ಹಿಡಿಯಿತು. ನನಗೆ ಎರಡು ರಾತ್ರಿ ನಿದ್ದೆಯಿಲ್ಲ. ಮೂರನೆಯ ದಿನ ಪುಟ್ಟಿ ಶಾಲೆಗೆ ಹೋಗಿದ್ದಾಗ ಹಾಲಿನವನನ್ನು ಕರೆದು ಆ ಕೆಂಪು ಸೈಕಲ್ಲನ್ನು ಆರುನೂರು ರೂಪಾಯಿಗೆ ಕೊಟ್ಟುಬಿಟ್ಟೆ. ಇವರಿಗೆ ಬ್ಯಾಂಕಿನಿಂದ ಬರುವುದೇ ಎಂಟು ಗಂಟೆ, ಕರೆದೊಯ್ಯುವವರಿಲ್ಲ. ವೀಣೆ ಪಾಠ ನಿಂತಿತು. ಪುಟ್ಟಿ ಜಗಳ ಆಡಲಿಲ್ಲ, ಕೇಳಲೂ ಇಲ್ಲ. ವೀಣೆಗೆ ಗವಸು ಹಾಕಿ ಮೂಲೆಯಲ್ಲಿಟ್ಟಳು. ಮತ್ತೆಂದೂ ತೆಗೆಯಲಿಲ್ಲ.

ಅದೇ ಪುಟ್ಟಿ ಈಗ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಬಾರಿ ಬೇಸಿಗೆ ಕಳೆಯಲೆಂದು ಅವಳಲ್ಲಿಗೆ ಹೋದಾಗ, ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ದಿನ, "ಅಮ್ಮಾ, ರಜೆ ಹಾಕಿದ್ದೀನಿ. ಬರ್ಗಂಡಿಯ ಹಳ್ಳಿಗಳ ಕಡೆ ಸೈಕಲ್ಲಿನಲ್ಲಿ ಹೋಗೋಣ್ವಾ?" ಎಂದಳು.

"ಅಯ್ಯೋ ಹೋಗೇ! ಈ ವಯಸ್ಸಿನಲ್ಲಿ ರಸ್ತೆ ಮೇಲೆ ಬಿದ್ದು ಸಾಯ್ಲಾ?"

"ಅಲ್ಲಿ ರಸ್ತೆನೇ ಇಲ್ಲ ಕಣಮ್ಮ. ಕಾರು, ಲಾರಿ, ಬೈಕು ಏನೂ ಬರೋ ಹಾಗಿಲ್ಲ."

ನಾನು ನಂಬಲಿಲ್ಲ. ವಾಹನವೇ ಬಾರದ ದಾರಿ ಎಪ್ಪತ್ತು ಕಿಲೋಮೀಟರ್ ಎಂದರೆ ಯಾರು ನಂಬುತ್ತಾರೆ? ಹೆಚ್ಚು ಕಡಿಮೆ ತಿಪಟೂರಿನಿಂದ ತುಮಕೂರಿನಷ್ಟು ದೂರ!

ಆದರೆ ಅದು ನಿಜ. ಫ್ರಾನ್ಸಿನಲ್ಲಿ 19ನೇ ಶತಮಾನದಲ್ಲಿ ಸಣ್ಣ ಸಣ್ಣ ಊರುಗಳಿಗೂ ರೈಲು ಹಾಕಿದರಂತೆ. ಆಮೇಲೆ ಕಾರು ಬಸ್ಸುಗಳು ಬಂದು ಆ ರೈಲುಗಳಿಗೆ ಜನವಿಲ್ಲದೆ ನಿಂತುಹೋದವು. ಹಳಿ ಕಿತ್ತ ಮೇಲೆ ಉಳಿದ ಜಾಗದಲ್ಲಿ ಮುಳ್ಳುಗಿಡ ಬೆಳೆಯಲು ಬಿಡದೆ, ಅದಕ್ಕೆ ಟಾರು ಹಾಕಿ ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ಇಂಥ ದಾರಿಗೆ ಅವರ ಭಾಷೆಯಲ್ಲಿ 'ವ್ವಾ ವೆರ್ತ್', ಅಂದರೆ ಹಸಿರು ದಾರಿ ಎಂದು ಹೆಸರು. ಬರ್ಗಂಡಿ ಪ್ರಾಂತದಲ್ಲಿ ಗೀವ್ರಿ ಎಂಬ ಊರಿನಿಂದ ಕ್ಲೂನಿ ಎಂಬ ಊರಿನವರೆಗಿನ 44 ಕಿಲೋಮೀಟರ್ ದಾರಿ 1997ರಲ್ಲಿ ತೆರೆಯಿತು. ದೇಶದಲ್ಲೇ ಅಂಥ ಮೊದಲ ದಾರಿ ಅದು. ಆಮೇಲೆ ಎರಡೂ ತುದಿಗೆ ಬೆಳೆಸಿ, ಈಗ ಷಾಲೋನ್ ಪಟ್ಟಣದಿಂದ ಮಾಕೋನ್ ಪಟ್ಟಣದವರೆಗೆ ಹೋಗಬಹುದು. 2004ರಲ್ಲಿ ಸರಕಾರದ ಸಂಚಾರ ನಿಯಮದಲ್ಲೇ ಇಂಥ ದಾರಿಗಳನ್ನು ಸೇರಿಸಿದರು. ಮೋಟಾರು ವಾಹನ ಒಳಗೆ ಬಂದರೆ ಅದು ತಪ್ಪು.

ಸರಿ, ಒಪ್ಪಿದೆ. ಆದರೆ ನಲವತ್ತೈದು ವರ್ಷ ಮುಟ್ಟದ ಸೈಕಲ್ ಕಾಲಿಗೆ ಬರಬೇಕಲ್ಲ? ಲಿಯೋನಿನಲ್ಲಿ ರೋನ್ ನದಿಯ ದಂಡೆ ಮೊದಲು ಕಾರು ನಿಲ್ಲಿಸುವ ಜಾಗವಾಗಿತ್ತಂತೆ. 2007ರಲ್ಲಿ ಅದನ್ನು ನಡಿಗೆಗೂ ಸೈಕಲ್ಲಿಗೂ ಮಾಡಿಕೊಟ್ಟಿದ್ದಾರೆ. ಪುಟ್ಟಿ ಗೆಳತಿಯೊಬ್ಬಳಿಂದ ಬಾರಿಲ್ಲದ ಲೇಡೀಸ್ ಸೈಕಲ್ ತಂದು, ನಾಲ್ಕು ಬೆಳಗ್ಗೆ ಅಲ್ಲಿಗೆ ಕರೆದೊಯ್ದಳು. ಮೊದಲ ದಿನ ಚೂಡಿದಾರದ ವೇಲ್ ಚೈನಿಗೆ ಸಿಕ್ಕಿ ಧಡಾರನೆ ಬಿದ್ದೆ. ಮೊಣಕೈ ತರಚಿತು. ಎದ್ದು ನೋಡಿದರೆ, ಮಗಳು ಸೀಟಿನ ಹಿಂಭಾಗ ಹಿಡಿದು ನಿಂತಿದ್ದಾಳೆ, ಅವಳು ಎಂಟನೆಯ ತರಗತಿಯಲ್ಲಿದ್ದಾಗ ನಾನು ಹಿಡಿದಿದ್ದ ಹಾಗೆ. "ಮುಂದೆ ನೋಡಮ್ಮ, ಚಕ್ರ ನೋಡಬೇಡ" ಎಂದಳು. ಅದೂ ನನ್ನದೇ ಮಾತು. ಎರಡನೆಯ ದಿನ ವೇಲ್ ಮನೆಯಲ್ಲಿಟ್ಟೆ. ಮೂರನೆಯ ದಿನ ಅವಳು ಕೈ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ.

ಹೊರಡುವ ಹಿಂದಿನ ರಾತ್ರಿ ಅಡುಗೆಮನೆ ಸೇರಿದೆ. ನಾವು ಸಸ್ಯಾಹಾರಿಗಳು, ಹಳ್ಳಿಗಾಡಿನಲ್ಲಿ ಏನು ಸಿಕ್ಕೀತೋ ಎಂಬ ಯೋಚನೆ. ಗಟ್ಟಿ ಅವಲಕ್ಕಿಯನ್ನು ರವೆಯಂತೆ ಒಡೆದು, ಅದಕ್ಕೆ ಸಾರಿನ ಪುಡಿ, ಬೆಲ್ಲದ ಪುಡಿ, ಒಣಕೊಬ್ಬರಿ ತುರಿ, ಉಪ್ಪು ಬೆರೆಸಿ, ಕಡಲೆಕಾಯಿ ಬೀಜ ಹಾಕಿದ ಒಗ್ಗರಣೆಯನ್ನು ಆರಿಸಿ ಸೇರಿಸಿ ಡಬ್ಬಿಗೆ ತುಂಬಿದೆ. ಬಿಸಿನೀರು ಸಿಕ್ಕಿದ ಕಡೆ ಚಿಮುಕಿಸಿ ಮುಚ್ಚಿಟ್ಟು, ಮೇಲೆ ನಿಂಬೆಹಣ್ಣು ಹಿಂಡಿದರೆ ಹತ್ತು ನಿಮಿಷದಲ್ಲಿ ಗೊಜ್ಜವಲಕ್ಕಿ. ಯಾವ ಪ್ರಯಾಣಕ್ಕಾದರೂ ಮಾಡಿಟ್ಟುಕೊಳ್ಳಿ, ವಾರವಾದರೂ ಕೆಡದು.

ಲಿಯೋನಿನಿಂದ ಷಾಲೋನಿಗೆ ರೈಲು. ರೈಲಿನ ಡಬ್ಬಿಯಲ್ಲೇ ಸೈಕಲ್ ನಿಲ್ಲಿಸಲು ಜಾಗವಿದೆ! ನಮ್ಮ ಜೊತೆಗೆ ಅವೂ ಪ್ರಯಾಣಿಕರ ಹಾಗೆ ಬಂದವು. ಷಾಲೋನ್, ಛಾಯಾಚಿತ್ರ ಕಂಡುಹಿಡಿದ ನಿಯೆಪ್ಸ್ ಹುಟ್ಟಿದ ಊರು. ಅದನ್ನೆಲ್ಲ ನೋಡುವ ಸಮಾಧಾನ ನನಗಿರಲಿಲ್ಲ. ಎದೆ ಢವಢವ ಎನ್ನುತ್ತಿತ್ತು. ಊರಿನ ಅಂಚು ದಾಟಿ ಹಸಿರು ದಾರಿ ಹಿಡಿಯುವವರೆಗೂ ನಾನು ತಳ್ಳಿಕೊಂಡೇ ನಡೆದೆ.

ಆ ದಾರಿ ಹೇಗಿದೆ ಎನ್ನುತ್ತೀರಾ? ಇಬ್ಬರು ಪಕ್ಕ ಪಕ್ಕ ಹೋಗುವಷ್ಟು ಅಗಲ. ನುಣುಪಾದ ಟಾರು. ಎರಡೂ ಕಡೆ ಮರ, ಬೇಲಿಯಲ್ಲಿ ಕಪ್ಪಗೆ ಹಣ್ಣಾದ ಮುಳ್ಳುಹಣ್ಣು. ಬೇಲಿಯಾಚೆ ಹುಲ್ಲುಗಾವಲಲ್ಲಿ ಬೆಳ್ಳಗಿನ ದೊಡ್ಡ ದೊಡ್ಡ ಶರೋಲೇ ಹಸುಗಳು. ಅದರಾಚೆ ಗುಡ್ಡದ ಇಳಿಜಾರಿನಲ್ಲಿ ಬಾಚಣಿಗೆ ಎಳೆದಂತೆ ಸಾಲು ಸಾಲು ದ್ರಾಕ್ಷಿ ತೋಟ. ಏರು ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಯಾಕೆ ಗೊತ್ತೇ? ಹಳೆಯ ಉಗಿ ಎಂಜಿನ್ನುಗಳಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಅದಕ್ಕೇ ರೈಲಿನ ದಾರಿಯನ್ನು ಗುಡ್ಡ ಕಡಿದು, ಹಳ್ಳ ತುಂಬಿ ಸಮ ಮಾಡಿರುತ್ತಾರೆ. ಆ ಮುದಿ ಎಂಜಿನ್ನುಗಳ ಪುಣ್ಯ, ನನ್ನ ಮುದಿ ಮಂಡಿ ಬದುಕಿತು! ದಾರಿಯುದ್ದಕ್ಕೂ ಹಳೆಯ ಸ್ಟೇಷನ್ ಕಟ್ಟಡಗಳೂ ಹಾಗೇ ನಿಂತಿವೆ. ರೈಲು ಬರುವುದೇನೋ ಎನ್ನುವ ಹಾಗೆ.

ಊರ ರಸ್ತೆಗಳು ಅಡ್ಡ ಬರುವ ಕಡೆ ಮಾತ್ರ ಕಂಬ, ಅಡ್ಡಗೇಟು ಇಟ್ಟಿದ್ದಾರೆ. ಸೈಕಲ್ ನುಸುಳಬಹುದು, ಕಾರು ನುಗ್ಗಲಾಗದು. ಅಲ್ಲಿ ನಾವು ಇಳಿದು, ಎಡಕ್ಕೆ ಬಲಕ್ಕೆ ನೋಡಿ ದಾಟಬೇಕು. ಅವರದು ಬಲಗಡೆಯ ಸಂಚಾರ, ನಾನು ಮೊದಲೆರಡು ದಿನ ತಪ್ಪು ಕಡೆಗೇ ನೋಡುತ್ತಿದ್ದೆ.

ಮೊದಲ ಅರ್ಧ ಗಂಟೆ ನಾನು ಹ್ಯಾಂಡಲನ್ನು ಉಸಿರುಗಟ್ಟುವ ಹಾಗೆ ಹಿಡಿದಿದ್ದೆ. ಹಿಂದಿನಿಂದ ಏನೋ ಸದ್ದು ಬಂದರೆ ಭುಜ ಬಿಗಿಯುತ್ತಿತ್ತು. ನಮ್ಮ ರಸ್ತೆಯ ಅಭ್ಯಾಸ! ತಿರುಗಿ ನೋಡಿದರೆ ಲಾರಿಯಲ್ಲ, ಪುಟ್ಟ ಮಗುವನ್ನು ಹಿಂದೆ ಕೂರಿಸಿಕೊಂಡ ಒಬ್ಬ ತಾಯಿ. "ಬೋಂಜೂರ್" ಎಂದು ನಕ್ಕು ಮುಂದೆ ಹೋದಳು. ಆಮೇಲೆ ಇಬ್ಬರು ಮುದುಕರು. "ಬೋಂಜೂರ್". ನಾಯಿ ಹಿಡಿದು ನಡೆಯುವವಳು. "ಬೋಂಜೂರ್". ನಾನೂ ಶುರು ಮಾಡಿದೆ. ಗೀವ್ರಿ ದಾಟುವ ಹೊತ್ತಿಗೆ ಭುಜ ಸಡಿಲವಾಗಿತ್ತು. ಆಗ ಕಿವಿಗೆ ಬಿದ್ದದ್ದೇನು ಗೊತ್ತೇ? ನನ್ನದೇ ಚಕ್ರದ ಸದ್ದು, ಹಕ್ಕಿಯ ದನಿ, ದೂರದ ಚರ್ಚಿನ ಗಂಟೆ. ಅಷ್ಟು ನಿಶ್ಶಬ್ದದಲ್ಲಿ ನಾನು ರಸ್ತೆಯ ಮೇಲಿದ್ದದ್ದು ಅದೇ ಮೊದಲು.

ಆ ರಾತ್ರಿ ಬುಸ್ಸಿ ಎಂಬ ಪುಟ್ಟ ಊರಿನಲ್ಲಿ ತಂಗಿದೆವು. ಅಲ್ಲಿ ಮನೆಯವರೇ ಒಂದೆರಡು ಕೋಣೆ ಬಾಡಿಗೆಗೆ ಕೊಟ್ಟು ಬೆಳಗಿನ ತಿಂಡಿಯನ್ನೂ ಕೊಡುವ ಪದ್ಧತಿ ಇದೆ. ಮನೆಯಾಕೆ ಬ್ರೆಡ್ಡು, ಬೆಣ್ಣೆ, ತಾನೇ ಮಾಡಿದ ಪ್ಲಮ್ ಹಣ್ಣಿನ ಜ್ಯಾಮ್ ಇಟ್ಟಳು. ನಾನು ಅವಳಿಗೆ ಗೊಜ್ಜವಲಕ್ಕಿ ರುಚಿ ತೋರಿಸಿದೆ. ಕಣ್ಣಲ್ಲಿ ನೀರು ಬಂದರೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಅಡುಗೆಮನೆಯ ಸ್ನೇಹಕ್ಕೆ ಭಾಷೆ ಬೇಕಿಲ್ಲ ನೋಡಿ.

ಎರಡನೆಯ ದಿನವೇ ನನ್ನ ಮನಸ್ಸಿಗೆ ತಾಗಿದ ಘಟನೆ ನಡೆದದ್ದು. ಕೊರ್ಮಾತಾಂ ಎಂಬ ಊರಿನ ಕಡೆ ಹೋಗುವಾಗ ನೀರು ಮುಗಿಯಿತು. ಮಧ್ಯಾಹ್ನ, ಅಂಗಡಿಗಳೆಲ್ಲ ಮುಚ್ಚಿದ್ದವು. ಅಲ್ಲಿ ಹನ್ನೆರಡಾಯಿತೆಂದರೆ ಅಂಗಡಿಯವರು ಊಟಕ್ಕೆ ಹೋಗಿಬಿಡುತ್ತಾರೆ. ದಾರಿ ಬಿಟ್ಟು ಒಂದು ಹಳ್ಳಿಯೊಳಗೆ ಹೋದೆವು. ಊರ ನಡುವೆ ಹೆಂಚು ಹೊದಿಸಿದ ಒಂದು ಮಾಡು, ಅದರಡಿ ಕಲ್ಲಿನ ತೊಟ್ಟಿ, ಸುತ್ತ ಇಳಿಜಾರು ಕಲ್ಲು. ನೋಡಿದ ಕೂಡಲೇ, "ಇದು ಬಟ್ಟೆ ಒಗೆಯೋ ಜಾಗ ಕಣೇ!" ಎಂದೆ. ನಿಜವಾಗಿ ಅದೇ. ಹಿಂದೆ ಊರ ಹೆಂಗಸರೆಲ್ಲ ಮಂಡಿಯೂರಿ ಅಲ್ಲೇ ಬಟ್ಟೆ ಒಗೆಯುತ್ತಿದ್ದರಂತೆ. ನಮ್ಮೂರ ಕೆರೆ ಸೋಪಾನದ ಹಾಗೇ ಊರಿನ ಸುದ್ದಿಯೆಲ್ಲ ಅಲ್ಲೇ ಹುಟ್ಟಿ ಅಲ್ಲೇ ತಿರುಗುತ್ತಿದ್ದಿರಬೇಕು.

ಅಲ್ಲಿ ಕೂತಿದ್ದಾಗ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಸೈಕಲ್ಲಿನಲ್ಲಿ ಬಂದಳು. ಮುಂದಿನ ಬುಟ್ಟಿಯಲ್ಲಿ ಉದ್ದನೆಯ ಬ್ರೆಡ್ಡು, ಒಂದು ಕಟ್ಟು ಸೊಪ್ಪು. ನನ್ನ ಚೂಡಿದಾರ, ಕುಂಕುಮ ನೋಡಿ ನಿಂತಳು. ಮಗಳ ಮೂಲಕ ಮಾತು ಶುರುವಾಯಿತು. ಮನೆಗೆ ಹೋಗಿ ತಣ್ಣನೆಯ ನೀರು ತಂದುಕೊಟ್ಟಳು. ಅವಳ ತಾಯಿ ಆ ತೊಟ್ಟಿಯಲ್ಲೇ ಬಟ್ಟೆ ಒಗೆದವಳು, ಸೈಕಲ್ಲಿನಲ್ಲೇ ಸಂತೆಗೆ ಹೋಗುತ್ತಿದ್ದವಳು. ಇಷ್ಟು ಹೇಳಿ ಅಜ್ಜಿ ನನ್ನನ್ನು ಕೇಳಿದಳು, ಪುಟ್ಟಿ ಕನ್ನಡದಲ್ಲಿ ಹೇಳಿದಳು: "ನೀನು ಯಾವಾಗ ಕಲಿತೆ ಅಂತ ಕೇಳ್ತಿದ್ದಾರೆ."

"ಹತ್ತು ವರ್ಷಕ್ಕೆ. ಹದಿಮೂರಕ್ಕೆ ಬಿಟ್ಟೆ ಅಂತ ಹೇಳು."

"ಯಾಕೆ ಬಿಟ್ಟೆ ಅಂತೆ."

"ಅಜ್ಜಿ ಬೇಡ ಅಂದ್ರು ಅಂತ ಹೇಳು."

ಆಕೆ ತಲೆ ಅಲ್ಲಾಡಿಸಿದಳು. ಆಮೇಲೆ ಪುಟ್ಟಿಯ ಕಡೆ ಕೈ ತೋರಿಸಿ ಸಂತೋಷದಿಂದ ಏನೋ ಅಂದಳು. ಪುಟ್ಟಿ ಒಂದು ಗಳಿಗೆ ಸುಮ್ಮನಿದ್ದು, ತೊಟ್ಟಿಯ ನೀರು ನೋಡುತ್ತಾ ಹೇಳಿದಳು: "ಮಗಳಿಗಾದರೂ ಬಿಡದೇ ಕಲಿಸಿದೆಯಲ್ಲ, ಒಳ್ಳೇದಾಯ್ತು ಅಂತಿದ್ದಾರೆ."

ನನ್ನ ಬಾಯಿ ಕಟ್ಟಿಹೋಯಿತು. ಆ ಕೆಂಪು ಸೈಕಲ್ಲು, ಹಾಲಿನವನು, ಗವಸು ಹಾಕಿದ ವೀಣೆ ಎಲ್ಲವೂ ಕಣ್ಣ ಮುಂದೆ ಬಂತು. ನಾನು ಮಾತಾಡದ್ದು ನೋಡಿ ಪುಟ್ಟಿಯೇ ಅಜ್ಜಿಗೆ ಏನೋ ಉದ್ದವಾಗಿ ಹೇಳಿದಳು. ಅಜ್ಜಿ ನನ್ನ ಕೈ ಹಿಡಿದು ಎರಡು ಸಲ ತಟ್ಟಿದಳು. ಅಲ್ಲಿಂದ ಹೊರಟ ಮೇಲೆ ಕೇಳಿದೆ, "ಅವರಿಗೆ ಏನಂದೆ?"

"ಏನಿಲ್ಲ. ನಮ್ಮೂರಲ್ಲಿ ಇಂಥ ದಾರಿ ಇರಲಿಲ್ಲ, ಅದಕ್ಕೆ ಅಮ್ಮ ಹೆದರಿಕೊಂಡಳು ಅಂದೆ."

ಅಷ್ಟು ವರ್ಷ ಅವಳು ಕೋಪ ಇಟ್ಟುಕೊಂಡಿದ್ದಾಳೆಂದು ನಾನು ಒಳಗೊಳಗೇ ಕುದ್ದಿದ್ದೆ. ಅವಳು ನೋಡಿದರೆ ನನ್ನ ಪರವಾಗಿ ವಕಾಲತ್ತು ಮಾಡುತ್ತಿದ್ದಾಳೆ!

ಕೊರ್ಮಾತಾಂನಲ್ಲಿ ರಾತ್ರಿ ಕಳೆದು, ಮೂರನೆಯ ದಿನ ತೇಜೇ ಊರಿನ ಗುಡ್ಡದ ಕೆಳಗೆ ಹಾದೆವು. 1940ರಲ್ಲಿ ಅಲ್ಲಿ ನೆಲೆಸಿದ ಒಬ್ಬ ಪಾದ್ರಿ ಕಟ್ಟಿದ ಆಶ್ರಮಕ್ಕೆ ಈಗಲೂ ದೇಶ ದೇಶಗಳ ಯುವಕ ಯುವತಿಯರು ಬರುತ್ತಾರೆ. ಮಧ್ಯಾಹ್ನಕ್ಕೆ ಕ್ಲೂನಿ ಸೇರಿದೆವು. 910ರಲ್ಲಿ ಸ್ಥಾಪನೆಯಾದ ಅಲ್ಲಿನ ಮಠದ ಚರ್ಚು ಒಂದು ಕಾಲಕ್ಕೆ ಕ್ರೈಸ್ತ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ರೋಮಿನ ಸಂತ ಪೀಟರ್ ಚರ್ಚು ಏಳುವವರೆಗೂ ಅದಕ್ಕೆ ಸಾಟಿಯಿರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಮಾರಿ, ಕಲ್ಲು ಕಿತ್ತು ಒಯ್ದರು. ಉಳಿದಿರುವ ಒಂದು ಗೋಪುರ, ಕೆಲವು ಗೋಡೆ ನೋಡಿಯೇ ತಲೆ ತಿರುಗುತ್ತದೆ. ಹಂಪೆ ನೋಡಿದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ ತಮಾಷೆಯ ಒಂದು ಸಂಗತಿ ಹೇಳಿದಳು. 1800ರಲ್ಲಿ ಪ್ಯಾರಿಸ್ಸಿನ ಪೋಲೀಸರು ಹೆಂಗಸರು ಪ್ಯಾಂಟು ಹಾಕಬೇಕಾದರೆ ಅಪ್ಪಣೆ ಪಡೆಯಬೇಕೆಂದು ಆಜ್ಞೆ ಮಾಡಿದ್ದರಂತೆ. 1892ರಲ್ಲೂ 1909ರಲ್ಲೂ ಅದನ್ನು ಸ್ವಲ್ಪ ಸಡಿಲಿಸಿದರು. ಹೇಗೆ? ಹೆಂಗಸಿನ ಕೈಯಲ್ಲಿ ಕುದುರೆಯ ಲಗಾಮೋ ಸೈಕಲ್ಲಿನ ಹ್ಯಾಂಡಲೋ ಇದ್ದರೆ ಪ್ಯಾಂಟು ಹಾಕಬಹುದು! ಆ ಹಳೆಯ ಆಜ್ಞೆಗೆ ಬೆಲೆಯಿಲ್ಲವೆಂದು ಸರಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ. ನಾನು ನಕ್ಕೆ. ನಮ್ಮಜ್ಜಿ ಹೇಳಿದ 'ಕುದುರೆ ಸವಾರಿ' ನೆನಪಾಯಿತು. ಕುದುರೆ, ಸೈಕಲ್ಲು, ಹೆಣ್ಣು. ಎಲ್ಲ ಊರಿನಲ್ಲೂ ಹಿರಿಯರ ತಲೆನೋವು ಒಂದೇ!

ನಗು ಮುಗಿದ ಮೇಲೆ ಧೈರ್ಯ ಮಾಡಿ ಹೇಳಿದೆ. "ಪುಟ್ಟಿ, ಆ ಸೈಕಲ್ ಮಾರಿದ್ದು ತಪ್ಪಾಯ್ತು ಕಣೇ."

ಅವಳು ತಟ್ಟೆ ನೋಡುತ್ತಾ ಹೇಳಿದಳು, "ಸೈಕಲ್ ಹೋಯ್ತು ಅಂತ ಬೇಜಾರಿಲ್ಲಮ್ಮ. ನಂಗೂ ಆ ರಸ್ತೆ ಕಂಡ್ರೆ ಭಯವೇ ಆಗ್ತಿತ್ತು. ಒಂದು ಮಾತು ಕೇಳದೇ ಮಾರಿದ್ಯಲ್ಲ, ಅದಕ್ಕೆ. ಕೇಳಿದ್ದಿದ್ರೆ ಹೇಳ್ತಿದ್ದೆ. ರೈಲ್ವೆ ಗೇಟಿನ ಹತ್ರದ ಓಣಿಯಲ್ಲಿ ಸುತ್ತಿಕೊಂಡು ಹೋದ್ರೆ ಮೇನ್ ರೋಡು ಒಂದೇ ಕಡೆ ದಾಟಬೇಕಿತ್ತು. ಅಲ್ಲಿ ಮಾತ್ರ ಇಳಿದು ತಳ್ಳಿಕೊಂಡು ಹೋಗಬಹುದಿತ್ತು."

ಇಷ್ಟು ವರ್ಷ ಆ ಓಣಿ ನನಗೆ ಹೊಳೆಯಲೇ ಇಲ್ಲ! ಹೊಳೆದಿತ್ತು ಹದಿಮೂರು ವರ್ಷದ ಹುಡುಗಿಗೆ. ನಾನು ಕೇಳಲಿಲ್ಲ. ನನ್ನಜ್ಜಿ ನನ್ನನ್ನು ಕೇಳದೆ ನಿಲ್ಲಿಸಿದ ಹಾಗೆ ನಾನೂ ಅವಳನ್ನು ಕೇಳದೆ ನಿಲ್ಲಿಸಿದೆ. ಅಜ್ಜಿಗಾದದ್ದು ನಾಲ್ಕು ಜನರ ಭಯ, ನನಗಾದದ್ದು ಲಾರಿಯ ಭಯ. ಭಯ ಬೇರೆಯಾದರೂ ಬಾಗಿಲು ಹಾಕಿಕೊಂಡದ್ದು ಮಾತ್ರ ಹುಡುಗಿಯ ಮುಖಕ್ಕೆ.

ನಾಲ್ಕನೆಯ ದಿನ ಸುರಂಗ ದಾಟಬೇಕಿತ್ತು. ಕ್ಲೂನಿಯಿಂದ ಮುಂದೆ ಗುಡ್ಡವನ್ನು ಕೊರೆದು ಮಾಡಿದ ಬ್ವಾ ಕ್ಲೇರ್ ಎಂಬ ಹಳೆಯ ರೈಲ್ವೆ ಸುರಂಗ, ಉದ್ದ ಸುಮಾರು 1,600 ಮೀಟರು. ಚಳಿಗಾಲದಲ್ಲಿ ಅದರೊಳಗೆ ಬಾವಲಿಗಳು ನಿದ್ದೆ ಹೋಗುತ್ತವೆಂದು ಆ ತಿಂಗಳುಗಳಲ್ಲಿ ಸುರಂಗ ಮುಚ್ಚಿ, ಸೈಕಲ್ಲಿನವರನ್ನು ಗುಡ್ಡದ ಮೇಲಿನಿಂದ ಕಳಿಸುತ್ತಾರೆ. ಬಾವಲಿಯ ನಿದ್ದೆಗೂ ಅಷ್ಟು ಮರ್ಯಾದೆ! ನಾವು ಹೋದಾಗ ತೆರೆದಿತ್ತು. ಬಾಯಲ್ಲಿ ನಿಂತಾಗಲೇ ಒಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ದೀಪಗಳಿದ್ದವು, ಆದರೂ ನನಗೆ ಕಾಲು ನಡುಗಿತು.

ಪುಟ್ಟಿ ನನ್ನ ಮುಖ ನೋಡಿದಳು. "ಅಮ್ಮಾ, ಹೋಗೋಣ್ವಾ? ಇಲ್ಲಾ ಮೇಲಿನ ದಾರೀಲಿ ನಿಧಾನಕ್ಕೆ ತಳ್ಳಿಕೊಂಡು ಹೋಗೋಣ್ವಾ? ನಿನಗೆ ಹೇಗೆ ಬೇಕೋ ಹಾಗೆ."

ಕೇಳಿದಳು ನೋಡಿ! ನಾನು ಎಂದೂ ಕೇಳದ್ದನ್ನು ಅವಳು ಕೇಳಿದಳು. "ಒಳಗೇ ಹೋಗೋಣ. ನೀನು ಮುಂದೆ ಹೋಗು, ಮಾತಾಡ್ತಾ ಹೋಗು" ಎಂದೆ. ಸ್ವೆಟರ್ ಹಾಕಿಕೊಂಡು ಹೊರಟೆವು. ಅವಳು ಮಾತಾಡುತ್ತಾ ಆಡುತ್ತಾ ಹಾಡಲು ಶುರು ಮಾಡಿದಳು. ವೀಣೆಯಲ್ಲಿ ಕಲಿತಿದ್ದ ಸರಳೆ ವರಸೆ, ಸರಿಗಮ ಪದನಿಸ. ಸುರಂಗದಲ್ಲಿ ದನಿ ಎರಡು ಪಟ್ಟಾಗಿ ತಿರುಗಿ ಬರುತ್ತಿತ್ತು. ಮರೆತಿಲ್ಲ ಮಗು! ನನಗೆ ಕಣ್ಣು ಮಂಜಾಯಿತು, ಆದರೆ ಹ್ಯಾಂಡಲ್ ಬಿಡುವ ಹಾಗಿಲ್ಲ, ಒರೆಸಿಕೊಳ್ಳುವ ಹಾಗೂ ಇಲ್ಲ. ಆ ತುದಿಯ ಬೆಳಕು ಕಾಸಿನಷ್ಟಿದ್ದದ್ದು ತಟ್ಟೆಯಷ್ಟಾಯಿತು, ಬಾಗಿಲಿನಷ್ಟಾಯಿತು. ಹೊರಗೆ ಬಂದರೆ ಎಳೆಬಿಸಿಲು, ದ್ರಾಕ್ಷಿ ಕೊಯ್ಯುವವರ ಗದ್ದಲ, ಎದುರು ಗುಡ್ಡದ ಮೇಲೆ ಬೆರ್ಜೆ ಎಂಬ ಹಳೆಯ ಕೋಟೆಯ ಗೋಪುರಗಳು. ಅಲ್ಲಿಂದ ಮಾಕೋನಿಗೆ ಇಳಿದದ್ದೇ ತಿಳಿಯಲಿಲ್ಲ.

ನಿಮ್ಮ ಮಕ್ಕಳೂ ಅಲ್ಲಿದ್ದು, ನೀವೂ ಹೋಗುವುದಾದರೆ ನಾಲ್ಕು ಮಾತು. ಸೀರೆಯೂ ವೇಲೂ ಬೇಡ, ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ. ಹೆಲ್ಮೆಟ್ ಅಲ್ಲಿ 2017ರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ, ಆದರೂ ನಾವು ಹಾಕಿಕೊಳ್ಳುವುದು ಕ್ಷೇಮ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ಸಾಕು. ಹನ್ನೆರಡು ಗಂಟೆಗೆ ಮೊದಲೇ ಬ್ರೆಡ್ಡು, ಹಣ್ಣು ಕೊಂಡಿಡಿ. ನಲ್ಲಿಯಲ್ಲಿ ನೀರು ಹಿಡಿಯುವ ಮೊದಲು ಕುಡಿಯುವ ನೀರೇ ಎಂದು ಬೋರ್ಡು ಓದಿಸಿಕೊಳ್ಳಿ. ಬರ್ಗಂಡಿಯೇ ಆಗಬೇಕೆಂದಿಲ್ಲ. ಲ್ವಾರ್ ನದಿಯ ಜೊತೆ ಸಮುದ್ರದವರೆಗೆ ಸುಮಾರು 900 ಕಿಲೋಮೀಟರಿನ ಸೈಕಲ್ ಮಾರ್ಗವಿದೆ. ಹಿಂದೆ ಕುದುರೆಗಳು ದಂಡೆಯಲ್ಲಿ ನಡೆಯುತ್ತಾ ದೋಣಿ ಎಳೆಯುತ್ತಿದ್ದ ಕಾಲುವೆ ದಾರಿಗಳೂ ಎಷ್ಟೋ ಕಡೆ ಸೈಕಲ್ಲಿನವರಿಗೆ ತೆರೆದಿವೆ.

ಆದರೆ ಫ್ರಾನ್ಸಿಗೆ ಹೋಗಿ ಎಂದು ಹೇಳಲು ನಾನಿದನ್ನು ಬರೆಯಲಿಲ್ಲ. ಊರಿಗೆ ಬಂದ ಮೇಲೆ ಒಂದು ಬೆಳಗ್ಗೆ ಪುಟ್ಟಿ ಹೇಳಿದ್ದ ಆ ಓಣಿಯಲ್ಲಿ ನಡೆದುಹೋದೆ. ನಿಜವಾಗಿಯೂ ಮೇನ್ ರೋಡು ಒಂದೇ ಕಡೆ ದಾಟಬೇಕು. ವೀಣೆ ಟೀಚರ ಮನೆಗೆ ಹದಿನೆಂಟು ನಿಮಿಷ ಹಿಡಿಯಿತು, ಅದೂ ನನ್ನ ನಡಿಗೆಗೆ. ಅವರು ಈಗ ಅಲ್ಲಿಲ್ಲ, ಮನೆ ಬೇರೆಯವರದಾಗಿದೆ. ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ.

ನಮ್ಮ ಊರಿನ ರಸ್ತೆಗಳ ಭಯ ಸುಳ್ಳಲ್ಲ. ಹೆದರಬೇಡಿ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಮಗಳ ಸೈಕಲ್ಲನ್ನು ಮೂಲೆಗಿಡುವ ಮೊದಲು ಅವಳನ್ನು ಒಂದು ಮಾತು ಕೇಳಿ. ಒಂದು ಭಾನುವಾರ ಬೆಳಗ್ಗೆ ಅವಳ ಜೊತೆ ನಡೆದುಕೊಂಡೇ ಹೋಗಿ ಬನ್ನಿ. ಯಾವ ಓಣಿ, ಎಲ್ಲಿ ದಾಟಬೇಕು, ಎಲ್ಲಿ ಇಳಿದು ತಳ್ಳಬೇಕು, ಇಬ್ಬರೂ ಕೂಡಿ ನೋಡಿ. ನಾವು ಕಾಣದ ದಾರಿ ಅವರ ಕಣ್ಣಿಗೆ ಬಿದ್ದಿರುತ್ತದೆ.

ಅಂದಹಾಗೆ, ಮೊನ್ನೆ ವೀಣೆಯ ಗವಸು ತೆಗೆದು ಒರೆಸಿ, ತಂತಿ ಹಾಕಿಸಲು ಕೊಟ್ಟಿದ್ದೇನೆ. ಈ ಸಲ ಪುಟ್ಟಿಯನ್ನು ಕೇಳಿಯೇ ಕೊಟ್ಟೆ. "ಸರಿ ಮಾಡಿಸಿಡು, ಬಂದಾಗ ನೋಡೋಣ" ಎಂದಿದ್ದಾಳೆ.